ಬೇರಿಗೂ ಉಸಿರಾಡಲು ಜಾಗ ಬೇಕು

(ನಮ್ಮ ಕನ್ನಡ ಅವಧಿಯಲ್ಲಿ ಪ್ರಸಾರವಾದ ಭಾಷಣದ ಪಠ್ಯ. ಬರಹದಲ್ಲಿ ಬೇಕೆಂದು ಕೇಳಿದ ಕೇಳುಗರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ಇವತ್ತಿನ ಮಾತನ್ನು ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ. ಕಾಡಿನಲ್ಲೋ ನೆಡುತೋಪಿನಲ್ಲೋ ಬಲಿತ ಮರಗಳನ್ನು ಕಡಿದರು, ದಿಮ್ಮಿಗಳನ್ನು ಎಳೆದು ತಂದರು, ಲಾರಿಗೆ ಏರಿಸಿ ಸಾಗಿಸಿದರು. ಎಲ್ಲ ಮುಗಿದ ಮೇಲೆ ಅಲ್ಲಿ ಏನು ಉಳಿಯುತ್ತದೆ? ಮರದ ಬೊಡ್ಡೆ ಉಳಿಯುತ್ತದೆ ಎಂದು ನೀವು ಹೇಳುತ್ತೀರಿ. ಸರಿ. ಕೆಲವು ಮರಗಳ ಬೊಡ್ಡೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಚಿಗುರದಿದ್ದರೆ ಗೆದ್ದಲು ತಿಂದು ಮಣ್ಣಾಗುತ್ತದೆ. ಅದರ ಪಕ್ಕದಲ್ಲಿ ಹೊಸ ಸಸಿ ಏಳುತ್ತದೆ. ಕಡಿದ ಗಾಯವನ್ನು ಮಾಯಿಸಿಕೊಳ್ಳುವುದು ಕಾಡಿಗೆ ಗೊತ್ತು.

ಆದರೆ ಅಲ್ಲಿ ಇನ್ನೊಂದು ಗುರುತೂ ಉಳಿಯುತ್ತದೆ. ಅದು ಗಾಲಿಯ ಜಾಡು. ಟ್ರಾಕ್ಟರ್ ಬಂದು ಹೋದ ದಾರಿ, ಜೆಸಿಬಿ ತಿರುಗಿದ ಜಾಗ, ಲಾರಿ ಹಿಂದೆ ಮುಂದೆ ಆದ ತಾವು. ಒಂದೆರಡು ಮಳೆಗಾಲ ಕಳೆದರೆ ಅದರ ಮೇಲೆ ಹುಲ್ಲು ಬರುತ್ತದೆ, ತರಗೆಲೆ ಬೀಳುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ನೆಲದ ಒಳಗೆ ಆ ಜಾಡು ಇದ್ದೇ ಇರುತ್ತದೆ. ಹತ್ತು ವರ್ಷ ಇರಬಹುದು, ಮೂವತ್ತು ವರ್ಷವೂ ಇರಬಹುದು. ಅಲ್ಲಿಗೆ ಬಂದ ಬೇರು ನಿಂತುಬಿಡುತ್ತದೆ, ಇಲ್ಲವೆ ಬೇರೆ ಕಡೆ ತಿರುಗುತ್ತದೆ. ಹೀಗೆ ಮಣ್ಣು ಬಿಗಿದುಕೊಳ್ಳುವುದು, ಅದರಿಂದ ಮರದ ಬೇರಿಗೆ ಆಗುವ ಕಷ್ಟ, ಅದಕ್ಕೆ ನಾವು ಮಾಡಬಹುದಾದದ್ದು, ಇಷ್ಟೇ ಇವತ್ತಿನ ವಿಷಯ.

ನಾನು ಕನ್ನಡ ಬಿ.ಎ. ಓದಿದವಳು, ಮಣ್ಣಿನ ಶಾಸ್ತ್ರ ಓದಿದವಳಲ್ಲ. ಆದ್ದರಿಂದ ನನಗೆ ಅರ್ಥವಾದ ಬಗೆಯಲ್ಲಿ, ಅಡುಗೆಮನೆಯ ಉದಾಹರಣೆಯಿಂದ ಹೇಳುತ್ತೇನೆ. ಬಿಸಿ ಇಡ್ಲಿಯನ್ನು ಕೈಯಲ್ಲಿ ಮುರಿದು ನೋಡಿ. ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಸಾಂಬಾರಿನಲ್ಲಿ ಅದ್ದಿದರೆ ಹೀರಿಕೊಳ್ಳುತ್ತದೆ. ಅದೇ ಇಡ್ಲಿಯನ್ನು ಅಂಗೈಯಲ್ಲಿಟ್ಟು ಬಲವಾಗಿ ಅದುಮಿ. ತೂಕ ಅಷ್ಟೇ ಇದೆ, ಹಿಟ್ಟೂ ಅಷ್ಟೇ ಇದೆ. ಆದರೆ ಈಗ ಅದು ಸಾಂಬಾರನ್ನು ಹೀರುವುದಿಲ್ಲ. ಸಾಂಬಾರು ಹೊರಗೇ ನಿಲ್ಲುತ್ತದೆ. ಅದುಮಿದಾಗ ಕಳೆದುಹೋದದ್ದು ಒಳಗಿದ್ದ ಜಾಗ ಮಾತ್ರ.

ಮಣ್ಣೂ ಹೀಗೆಯೇ. ನಾವು ಮಣ್ಣನ್ನು ಗಟ್ಟಿ ವಸ್ತು ಎಂದುಕೊಳ್ಳುತ್ತೇವೆ. ನಿಜವಾಗಿ ಒಳ್ಳೆಯ ಕಾಡಿನ ಮೇಲ್ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಖಾಲಿ ಜಾಗವೇ ಇರುತ್ತದೆ. ಅಂಥ ಮಣ್ಣನ್ನು ಒಣಗಿಸಿ ತೂಗಿದರೆ ಒಂದು ಘನ ಸೆಂಟಿಮೀಟರಿಗೆ ಸುಮಾರು 1 ಗ್ರಾಂ ಬರುತ್ತದೆ. ಮಣ್ಣಿನ ಕಣ ಮಾತ್ರ ಕಲ್ಲಿನಷ್ಟು ಭಾರ, ಘನ ಸೆಂಟಿಮೀಟರಿಗೆ ಸುಮಾರು 2.65 ಗ್ರಾಂ. ಲೆಕ್ಕ ಹಾಕಿ ನೋಡಿ, ನೂರಕ್ಕೆ ಅರವತ್ತರಷ್ಟು ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ನೀರು ಇರುತ್ತದೆ, ಗಾಳಿ ಇರುತ್ತದೆ, ಎರೆಹುಳು ಓಡಾಡುತ್ತದೆ, ಬೇರು ಇಳಿಯುತ್ತದೆ. ಭಾರದ ಯಂತ್ರ ಓಡಾಡಿ ಅದೇ ಮಣ್ಣು ಘನ ಸೆಂಟಿಮೀಟರಿಗೆ 1.5 ಗ್ರಾಂ ಆಯಿತೆನ್ನಿ. ಆಗ ಖಾಲಿ ಜಾಗ ನೂರಕ್ಕೆ ನಲವತ್ತಮೂರಕ್ಕೆ ಇಳಿಯುತ್ತದೆ. ಇನ್ನೂ ನಲವತ್ತಮೂರು ಇದೆಯಲ್ಲ ಎನ್ನಬೇಡಿ. ಮೊದಲು ಮುಚ್ಚಿಹೋಗುವುದು ದೊಡ್ಡ ದೊಡ್ಡ ರಂಧ್ರಗಳು. ಮಳೆ ನೀರು ಕೆಳಗಿಳಿಯುವುದು ಅವುಗಳ ಮೂಲಕ. ಗಾಳಿ ಒಳಗೆ ಬರುವುದೂ ಅವುಗಳ ಮೂಲಕ. ಉಳಿಯುವ ಸಣ್ಣ ರಂಧ್ರಗಳಲ್ಲಿ ನೀರು ಅಂಟಿಕೊಂಡು ಕೂರುತ್ತದೆ, ಗಾಳಿಗೆ ಎಡೆ ಸಿಗುವುದಿಲ್ಲ.

ಬೇರಿಗೆ ಗಾಳಿ ಏಕೆ ಎಂದು ನೀವು ಕೇಳಬಹುದು. ಎಲೆ ಹಗಲಲ್ಲಿ ಆಮ್ಲಜನಕವನ್ನು ಹೊರಗೆ ಬಿಡುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಬೇರು ನಮ್ಮ ಹಾಗೆ ಉಸಿರಾಡುತ್ತದೆ. ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಶಕ್ತಿಯಿಂದಲೇ ಅದು ಬೆಳೆಯಬೇಕು, ಗೊಬ್ಬರದ ಅಂಶವನ್ನು ಹೀರಬೇಕು. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ರಂಧ್ರಗಳಲ್ಲಿ ನೀರು ತುಂಬಿ ನಿಂತರೆ ಬೇರಿನ ಬಾಯಿ ಮೂಗು ಮುಚ್ಚಿದ ಹಾಗೆ. ಮಣ್ಣಿನಲ್ಲಿ ಗಾಳಿಯ ಪಾಲು ನೂರಕ್ಕೆ ಹತ್ತಕ್ಕಿಂತ ಕೆಳಗೆ ಇಳಿದರೆ ಹೆಚ್ಚಿನ ಮರಗಳ ಬೇರು ಸೊರಗುತ್ತದೆ. ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಗಳಿಗೂ ಇದೇ ಗತಿ. ಮರಕ್ಕೆ ರಂಜಕ ಒದಗಿಸುವ ಕೆಲಸದಲ್ಲಿ ಈ ಶಿಲೀಂಧ್ರಗಳು ಬೇರಿನ ಬಲಗೈ ಇದ್ದ ಹಾಗೆ.

ಇನ್ನು ಗಟ್ಟಿತನದ ಮಾತು. ಬೇರು ಮೊಳೆಯಂತೆ ನೆಲವನ್ನು ಚುಚ್ಚಿಕೊಂಡು ಹೋಗುವುದಿಲ್ಲ. ಅದರ ತುದಿ ಬಹಳ ಮೆದು. ಆ ತುದಿಗೆ ಒಂದು ಟೊಪ್ಪಿ ಇರುತ್ತದೆ, ಅದು ಲೋಳೆಯನ್ನು ಸುರಿಸಿ ದಾರಿ ಜಾರಿಸಿಕೊಳ್ಳುತ್ತದೆ. ಹಿಂದಿನ ಕೋಶಗಳು ನೀರು ಕುಡಿದು ಹಿಗ್ಗಿ ತುದಿಯನ್ನು ಮುಂದಕ್ಕೆ ನೂಕುತ್ತವೆ. ಇರುವ ಸಂದಿಯನ್ನು ಹುಡುಕುವುದು, ಸಿಕ್ಕಿದ ಸಂದಿಯನ್ನು ಅಗಲ ಮಾಡಿಕೊಳ್ಳುವುದು, ಇದೇ ಬೇರಿನ ನಡೆ. ಮಣ್ಣಿನ ಗಟ್ಟಿತನವನ್ನು ಅಳೆಯಲು ಪೆನೆಟ್ರೋಮೀಟರ್ ಎಂಬ ಸಲಾಕೆಯಂಥ ಉಪಕರಣವಿದೆ. ಅದನ್ನು ನೆಲಕ್ಕೆ ಒತ್ತಿದಾಗ ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋ ಬಲ ಬೇಕಾಯಿತೆಂದರೆ ಅಲ್ಲಿ ಬೇರಿನ ಬೆಳವಣಿಗೆ ಬಹಳ ನಿಧಾನವಾಗುತ್ತದೆ. 30 ಕಿಲೋ ದಾಟಿದರೆ ಹೆಚ್ಚಿನ ಮರಗಳ ಬೇರು ನಿಂತೇ ಹೋಗುತ್ತದೆ. ಹಳೆಯ ಬೇರು ಕೊಳೆತು ಬಿಟ್ಟ ತೂತೋ ಎರೆಹುಳುವಿನ ಬಿಲವೋ ಸಿಕ್ಕರೆ ಮಾತ್ರ ಅದಕ್ಕೆ ದಾರಿ.

ಈ ವಿಷಯದಲ್ಲಿ 2021ರಲ್ಲಿ ಒಂದು ಹೊಸ ಸಂಗತಿ ಹೊರಬಂತು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹಾಗೂ ಇತರ ಸಂಸ್ಥೆಗಳ ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಬೇರಿನಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ. ಈ ಅನಿಲ ನಿಮಗೆ ಹೊಸದಲ್ಲ. ಬಲಿತ ಮಾವಿನಕಾಯಿಯನ್ನೋ ಸಪೋಟಾವನ್ನೋ ಅಕ್ಕಿಡಬ್ಬಿಯಲ್ಲಿ ಹೂತಿಟ್ಟು ಹಣ್ಣು ಮಾಡುತ್ತೇವಲ್ಲ, ಅಲ್ಲಿ ಕೆಲಸ ಮಾಡುವುದು ಇದೇ. ಕಾಯಿ ಬಿಡುವ ಎಥಿಲೀನ್ ಹೊರಗೆ ಹೋಗಲಾರದೆ ಡಬ್ಬಿಯಲ್ಲೇ ಸೇರಿಕೊಂಡು ಕಾಯನ್ನು ಬೇಗ ಮಾಗಿಸುತ್ತದೆ. ಸಡಿಲ ಮಣ್ಣಿನಲ್ಲಿ ಬೇರಿನ ಎಥಿಲೀನ್ ರಂಧ್ರಗಳ ಮೂಲಕ ಹರಡಿ ಹೋಗಿಬಿಡುತ್ತದೆ. ಬಿಗಿದ ಮಣ್ಣಿನಲ್ಲಿ ಅದು ಬೇರಿನ ಸುತ್ತಲೇ ಉಳಿಯುತ್ತದೆ. "ಮುಂದೆ ದಾರಿಯಿಲ್ಲ, ನಿಲ್ಲು" ಎಂಬ ಸಂದೇಶ ಬೇರಿಗೆ ಸಿಕ್ಕಿದಂತಾಗಿ ಉದ್ದ ಬೆಳೆಯುವುದು ನಿಂತು ಅದು ದಪ್ಪಗಾಗುತ್ತದೆ. ಎಥಿಲೀನನ್ನು ಗುರುತಿಸಲಾರದ ಗಿಡಗಳನ್ನು ಅದೇ ಬಿಗಿ ಮಣ್ಣಿನಲ್ಲಿ ಬೆಳೆಸಿದಾಗ ಅವುಗಳ ಬೇರು ಒಳಗೆ ಇಳಿಯಿತು! ಈ ಪ್ರಯೋಗ ನಡೆದದ್ದು ಭತ್ತದಲ್ಲಿ ಮತ್ತು ಸಾಸಿವೆಯ ಬಳಗದ ಒಂದು ಪುಟ್ಟ ಗಿಡದಲ್ಲಿ, ಮರಗಳಲ್ಲಲ್ಲ ಎಂಬುದನ್ನು ಮರೆಯಬಾರದು. ಆದರೂ ಬೇರು ನಿಲ್ಲುವುದು ಬಲ ಸಾಲದ್ದಕ್ಕೆ ಮಾತ್ರವಲ್ಲ, ಅದಕ್ಕೆ ಉಸಿರುಕಟ್ಟಿದ ಸೂಚನೆಯೂ ಸಿಗುತ್ತದೆ ಎಂದು ಇದರಿಂದ ತಿಳಿಯಿತು.

ಬೇರು ನಿಂತರೆ ಮೇಲಿರುವ ಮರಕ್ಕೆ ಏನಾಗುತ್ತದೆ? ತಕ್ಷಣಕ್ಕೆ ಏನೂ ಕಾಣುವುದಿಲ್ಲ. ಕಷ್ಟ ಇರುವುದೇ ಅಲ್ಲಿ. ಮರದ ಹೀರುಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಒಂದು ಅಡಿಯಲ್ಲೇ ಇರುತ್ತವೆ. ತಾಯಿಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಆದರೆ ಊಟ ತರುವ ಬೇರು ಮೇಲುಮೇಲೆಯೇ, ಕೊಂಬೆಗಳ ನೆರಳನ್ನೂ ದಾಟಿ ಅಡ್ಡಡ್ಡಲಾಗಿ ಹರಡಿರುತ್ತದೆ. ಗಾಲಿಯ ಭಾರ ಬೀಳುವುದು ಆ ಒಂದು ಅಡಿಯ ಮೇಲೇ. ಮೊದಲ ವರ್ಷ ಮರ ತನ್ನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ನಿಭಾಯಿಸುತ್ತದೆ. ಆಮೇಲೆ ಬೇಸಿಗೆ ಜೋರಾದ ವರ್ಷ ಎಲೆ ಬೇಗ ಉದುರುತ್ತದೆ. ತುದಿಕೊಂಬೆ ಒಣಗುತ್ತದೆ. ಒಂದು ದಿನ ಗಾಳಿ ಬಂದಾಗ ಪಕ್ಕದ ಮರ ನಿಂತಿರುತ್ತದೆ, ಇದು ಬಿದ್ದಿರುತ್ತದೆ. ಆಗ ನಾವು ಗಾಳಿಯನ್ನು ದೂರುತ್ತೇವೆ. ಐದು ವರ್ಷದ ಹಿಂದೆ ಬಂದು ಹೋದ ಟ್ರಾಕ್ಟರ್ ಯಾರಿಗೂ ನೆನಪಿರುವುದಿಲ್ಲ.

ಈ ವಿಷಯವನ್ನು ಹೆಚ್ಚು ತಲೆಗೆ ಹಚ್ಚಿಕೊಂಡವರು ಯೂರೋಪು ಮತ್ತು ಉತ್ತರ ಅಮೆರಿಕದ ಅರಣ್ಯದವರು. ಕಾರಣ ಸರಳ, ಅಲ್ಲಿ ಮರ ಕಡಿಯುವುದೆಲ್ಲ ಯಂತ್ರ. ಹಾರ್ವೆಸ್ಟರ್ ಎಂಬ ಯಂತ್ರ ಮರವನ್ನು ಹಿಡಿದು, ಕಡಿದು, ರೆಂಬೆ ಸವರಿ, ತುಂಡು ಮಾಡುತ್ತದೆ. ಅದರ ತೂಕ ಸುಮಾರು 20 ಟನ್. ಹಿಂದೆಯೇ ಬರುವ ಫಾರ್ವರ್ಡರ್ ಆ ತುಂಡುಗಳನ್ನು ಹೊತ್ತು ರಸ್ತೆಗೆ ತರುತ್ತದೆ. ದೊಡ್ಡ ಫಾರ್ವರ್ಡರಿನ ತೂಕ ಹೊರೆಯೂ ಸೇರಿ 30 ಟನ್ ದಾಟುತ್ತದೆ. 1999ರ ಡಿಸೆಂಬರ್ 26ರಂದು ಲೋಥಾರ್ ಎಂಬ ಬಿರುಗಾಳಿ ಫ್ರಾನ್ಸ್, ನೈಋತ್ಯ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಕಾಡುಗಳನ್ನು ನೆಲಕ್ಕೆ ಕೆಡವಿತು. ಬಿದ್ದ ಮರಕ್ಕೆ ತೊಗಟೆ ಹುಳು ಹಿಡಿಯುವ ಮೊದಲೇ ಸಾಗಿಸಬೇಕೆಂಬ ಅವಸರ. ಒದ್ದೆ ನೆಲದ ಮೇಲೆಯೇ ಭಾರದ ಯಂತ್ರಗಳು ಇಳಿದವು. ಮರವೇನೋ ಉಳಿಯಿತು, ನೆಲ ಕೆಟ್ಟಿತು. ಯಂತ್ರಕ್ಕೂ ಮಣ್ಣಿಗೂ ಇರುವ ಸಂಬಂಧದ ಚರ್ಚೆ ಅದರಿಂದ ಇನ್ನಷ್ಟು ಬಿರುಸಾಯಿತು.

ಇಷ್ಟು ವರ್ಷಗಳ ಅಧ್ಯಯನದಿಂದ ಅವರು ಕಂಡುಕೊಂಡ ಮುಖ್ಯ ಮಾತು ಒಂದಿದೆ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಒಂದೇ ದಾರಿಯಲ್ಲಿ ಯಂತ್ರ ಹತ್ತು ಸಲ ಓಡಾಡಿದರೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ಮೊದಲ ಒಂದೆರಡು ಸಲಕ್ಕೇ ಆಗಿಬಿಡುತ್ತದೆ. ಹತ್ತನೆಯ ಸಲ ಹೋದರೆ ಹೊಸದಾಗಿ ಕೆಡುವುದು ಸ್ವಲ್ಪವೇ. ಹಾಗಾದರೆ "ಒಂದೇ ಕಡೆ ಹೋದರೆ ನೆಲ ಕೆಡುತ್ತದೆ, ಸ್ವಲ್ಪ ಅಲ್ಲಿ ಸ್ವಲ್ಪ ಇಲ್ಲಿ ಹೋಗೋಣ" ಎಂಬ ನಮ್ಮ ಲೆಕ್ಕ ಪೂರ್ತಿ ತಪ್ಪಾಯಿತು. ಹಾಗೆ ಹಂಚಿಕೊಂಡು ಹೋದರೆ ಇಡೀ ಕಾಡಿಗೆ ಆ ಮೊದಲನೆಯ ಪೆಟ್ಟು ಬೀಳುತ್ತದೆ. ಕೆಡುವುದಾದರೆ ಒಂದೇ ದಾರಿ ಕೆಡಲಿ, ಉಳಿದದ್ದು ಉಳಿಯಲಿ.

ಜರ್ಮನಿಯ ಅರಣ್ಯಗಳಲ್ಲಿ ಇದನ್ನೇ ಪದ್ಧತಿಯಾಗಿ ಮಾಡಿಕೊಂಡಿದ್ದಾರೆ. ಕಾಡಿನೊಳಗೆ ಯಂತ್ರ ಹೋಗುವ ದಾರಿಗಳನ್ನು ಮೊದಲೇ ಗುರುತು ಹಾಕುತ್ತಾರೆ. ಎರಡು ದಾರಿಗಳ ನಡುವೆ 20 ಮೀಟರ್ ಇಲ್ಲವೆ 40 ಮೀಟರ್ ಅಂತರ. ದಾರಿ ಬಿಟ್ಟು ಒಂದು ಗಾಲಿಯೂ ಕೆಳಗಿಳಿಯುವಂತಿಲ್ಲ. 20 ಮೀಟರ್ ಏಕೆಂದರೆ ಹಾರ್ವೆಸ್ಟರಿನ ತೋಳು ಒಂದೊಂದು ಬದಿಗೆ ಸುಮಾರು 10 ಮೀಟರ್ ಚಾಚುತ್ತದೆ. ದಾರಿಯ ಅಗಲ 4 ಮೀಟರ್ ಎಂದಿಟ್ಟುಕೊಂಡರೆ 20 ಮೀಟರಿಗೊಂದು ದಾರಿ ಎಂದಾಗ ಕಾಡಿನ ಐದನೆಯ ಒಂದು ಪಾಲು ಹೋಯಿತು. 40 ಮೀಟರಿಗೊಂದಾದರೆ ಹತ್ತನೆಯ ಒಂದು ಪಾಲು. ದಾರಿಯೇ ಗೊತ್ತುಮಾಡದೆ ಮನಬಂದಂತೆ ಓಡಿಸಿದರೆ ಅರ್ಧದಷ್ಟು ನೆಲವೂ ಗಾಲಿಗೆ ಸಿಕ್ಕಿಬಿಡಬಹುದು. ದೂರದ ದಾರಿಗಳ ನಡುವೆ ಬಿದ್ದ ಮರವನ್ನು ಹಗ್ಗದ ರಾಟೆಯಿಂದಲೋ ಕುದುರೆ ಕಟ್ಟಿಯೋ ದಾರಿಯವರೆಗೆ ಎಳೆದು ತರುತ್ತಾರೆ. ಹೌದು, ಕುದುರೆಯೇ. ಇಷ್ಟು ಯಂತ್ರಗಳ ನಾಡಿನಲ್ಲಿ ಈಗಲೂ ಆ ಕೆಲಸಕ್ಕೆ ಕುದುರೆಗಳಿವೆ. ಸವರಿದ ರೆಂಬೆ ಸೊಪ್ಪನ್ನು ದಾರಿಯ ಮೇಲೆ ಹಾಸಿ ಅದರ ಮೇಲೆ ಯಂತ್ರ ಓಡಿಸುವುದೂ ಉಂಟು. ಆ ಹಾಸು ಭಾರವನ್ನು ಹಂಚಿಬಿಡುತ್ತದೆ.

ಎಲ್ಲ ಮಣ್ಣೂ ಒಂದೇ ರೀತಿ ಕೆಡುತ್ತದೆಯೆ? ಇಲ್ಲ. ಅಮೆರಿಕ ಮತ್ತು ಕೆನಡಾದ ಅರಣ್ಯ ವಿಜ್ಞಾನಿಗಳು 1989ರಲ್ಲಿ ಒಂದು ದೀರ್ಘಕಾಲದ ಪ್ರಯೋಗ ಆರಂಭಿಸಿದರು. ಬರುಬರುತ್ತಾ ಅದು ನೂರಕ್ಕೂ ಹೆಚ್ಚು ತಾಣಗಳಿಗೆ ಹರಡಿತು. ಕೆಲವು ತಾಕುಗಳಲ್ಲಿ ಮಣ್ಣನ್ನು ಬೇಕೆಂದೇ ಅದುಮಿ ಗಟ್ಟಿ ಮಾಡಿದರು, ಕೆಲವನ್ನು ಹಾಗೇ ಬಿಟ್ಟರು. ಹತ್ತು ವರ್ಷ ಮರ ಬೆಳೆಸಿ ನೋಡಿದರು. ಜೇಡಿಮಣ್ಣಿನಲ್ಲಿ ಬೆಳವಣಿಗೆ ಕುಗ್ಗಿದ್ದು ಕಂಡಿತು. ಮರಳು ಮಣ್ಣಿನಲ್ಲಿ ಮಾತ್ರ ಅದುಮಿದ ಕಡೆ ಮರ ಚೆನ್ನಾಗಿ ಬಂದದ್ದೂ ಉಂಟು! ಕಾರಣ ಇಷ್ಟೇ. ಮರಳಿನಲ್ಲಿ ರಂಧ್ರಗಳು ತೀರ ದೊಡ್ಡವು, ನೀರು ನಿಲ್ಲದೆ ಸೋರಿಹೋಗುತ್ತದೆ. ಸ್ವಲ್ಪ ಅದುಮಿದರೆ ನೀರು ಹಿಡಿಯುತ್ತದೆ. ಜೇಡಿಮಣ್ಣಿನಲ್ಲಿ ಗಾಳಿಯ ದಾರಿ ಮೊದಲೇ ಕಿರಿದು, ಅದುಮಿದರೆ ಅದೂ ಹೋಯಿತು. ಆದ್ದರಿಂದ ಒಂದೇ ಕಾನೂನನ್ನು ಎಲ್ಲ ನೆಲಕ್ಕೂ ಹೇರುವಂತಿಲ್ಲ. ನಿಮ್ಮ ಕಾಲಡಿಯ ಮಣ್ಣು ಯಾವುದು ಎಂದು ಮೊದಲು ತಿಳಿಯಬೇಕು.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದ ಕಾಡಿನಲ್ಲಿ ಹಿಂದೆ ದಿಮ್ಮಿ ಎಳೆಯುತ್ತಿದ್ದದ್ದು ಆನೆ ಮತ್ತು ಎತ್ತು. ಕೊಡಗಿನ ದುಬಾರೆಗೆ ಹೋದವರು ಆನೆಗಳ ಜಳಕ ನೋಡಿ ಸಂತೋಷಪಟ್ಟು ಬಂದಿರುತ್ತೀರಿ. ಅಲ್ಲಿನ ಆನೆಗಳು ಒಂದು ಕಾಲಕ್ಕೆ ನಾಟಾ ಎಳೆಯುವ ಕೆಲಸಕ್ಕಿದ್ದಂಥವು. ಆನೆ ಕಾಲಿಟ್ಟರೆ ನೆಲ ಅದುಮುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆನೆಯ ಕಾಲು ಬಿದ್ದಲ್ಲಿ, ದಿಮ್ಮಿ ಜಾರಿದಲ್ಲಿ ನೆಲ ಬಿಗಿಯುತ್ತದೆ. ದನಕರು ದಿನವೂ ನಡೆಯುವ ದಾರಿಯೂ ಬಿಗಿಯುತ್ತದೆ. ಆದರೆ ಆನೆ ಮರಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿತ್ತು, ಅದಕ್ಕಾಗಿ ಅಗಲ ರಸ್ತೆ ಕಡಿಯಬೇಕಿರಲಿಲ್ಲ. ಇನ್ನೊಂದು, ಆಗ ಮಲೆನಾಡಿನಲ್ಲಿ ಮರ ಸಾಗಿಸುವ ಕೆಲಸಕ್ಕೆ ಮಳೆಗಾಲದಲ್ಲಿ ಬಿಡುವು. ಹಳ್ಳ ತುಂಬಿ ದಾರಿಯೇ ಇರುತ್ತಿರಲಿಲ್ಲ. ಮಣ್ಣನ್ನು ಕಾಪಾಡಬೇಕೆಂದು ಯಾರೂ ಮಾಡಿದ ನಿಯಮವಲ್ಲ ಅದು, ಆದರೂ ಮಣ್ಣು ಉಳಿಯಿತು. ಈಗ ನಾಲ್ಕೂ ಗಾಲಿ ತಿರುಗುವ ಟ್ರಾಕ್ಟರ್ ಇದೆ, ಜೆಸಿಬಿ ಇದೆ. ಕೆಸರಿನಲ್ಲೂ ಹೋಗುತ್ತದೆ. ಹೋಗುತ್ತದೆ ಎಂಬುದೇ ತೊಂದರೆ.

ಒದ್ದೆ ಮಣ್ಣಿನ ಸ್ವಭಾವ ನಮ್ಮ ರೈತರಿಗೆ ಹೊಸದಾಗಿ ಹೇಳಬೇಕಿಲ್ಲ. ಸುಗ್ಗಿಗೆ ಕಣ ಮಾಡುವಾಗ ನೆಲಕ್ಕೆ ನೀರು ಚಿಮುಕಿಸಿ, ಬಡಿದು, ಸಗಣಿ ಸಾರಿಸುತ್ತಿದ್ದರು. ಒಣ ನೆಲವನ್ನು ಎಷ್ಟು ಬಡಿದರೂ ಕಣ ಆಗುವುದಿಲ್ಲ. ಹದವಾಗಿ ಒದ್ದೆಯಾದ ನೆಲ ಬಡಿದರೆ ಕಲ್ಲಾಗುತ್ತದೆ. ಕಣಕ್ಕೆ ಬೇಕಾದದ್ದು ಅದೇ, ಬೇರಿಗೆ ಬೇಡವಾದದ್ದೂ ಅದೇ. ಹೊಲದಲ್ಲಿ ಕಣ ಮಾಡಿದ ಜಾಗದಲ್ಲಿ ಮುಂದಿನ ಬೆಳೆ ಗಿಡ್ಡ ಬರುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಮಳೆಗಾಲದಲ್ಲಿ ಟ್ರಾಕ್ಟರ್ ಇಳಿಸುವುದೆಂದರೆ ತೋಪಿನೊಳಗೆ ಕಣ ಮಾಡಿದ ಹಾಗೆ. ಇಳಿಜಾರಿನಲ್ಲಿ ಇನ್ನೂ ಒಂದು ಅಪಾಯ. ಆ ಜಾಡೇ ಮಳೆನೀರಿಗೆ ಕಾಲುವೆಯಾಗಿ ಮೇಲ್ಮಣ್ಣನ್ನು ಹಳ್ಳಕ್ಕೆ ಸಾಗಿಸುತ್ತದೆ.

ತೇಗದ ವಿಷಯ ಬೇರೆಯಾಗಿ ಹೇಳಬೇಕು. ಉತ್ತರ ಕನ್ನಡದ ದಾಂಡೇಲಿ, ಹಳಿಯಾಳದ ಕಡೆಯ ತೇಗಕ್ಕೆ ಹೆಸರಿದೆ. ತೇಗ ಆಳವಾದ, ನೀರು ಚೆನ್ನಾಗಿ ಬಸಿದುಹೋಗುವ ಮಣ್ಣನ್ನು ಬಯಸುವ ಮರ. ನೀರು ನಿಲ್ಲುವ ಜೇಡಿಯಲ್ಲೋ ಗಟ್ಟಿ ಜಂಬಿಟ್ಟಿಗೆಯ ಮೇಲೋ ಅದು ಏಳುವುದಿಲ್ಲ. ಒಂದು ಸಲ ತೇಗ ಕಡಿದು ಅದೇ ನೆಲದಲ್ಲಿ ಮತ್ತೆ ತೇಗ ಬೆಳೆಸಬೇಕಾದವರಿಗೆ ನೆಲವೇ ಬಂಡವಾಳ. ಮರ ಮಾರಿದ ದುಡ್ಡಿನಲ್ಲಿ ಆ ಬಂಡವಾಳ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನೆಲ್ಲ ಪಟ್ಟಣದ ನಮಗೆ ಏಕೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಕಾರಣವಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯ ನಮ್ಮ ಕೇಳುಗರಲ್ಲಿ ಎಷ್ಟೋ ಜನರಿಗೆ ಊರಿನಲ್ಲಿ ಎರಡು ಎಕರೆ, ನಾಲ್ಕು ಎಕರೆ ಜಮೀನು ಇದೆ. ನೋಡಿಕೊಳ್ಳುವವರಿಲ್ಲವೆಂದು ಅಕೇಶಿಯಾ, ತೇಗ, ಸಿಲ್ವರ್ ಓಕ್, ಮಹಾಗನಿ ಹಾಕಿಬಿಟ್ಟಿದ್ದೀರಿ. ಮರ ಬಲಿತಾಗ ವ್ಯಾಪಾರಿ ಫೋನು ಮಾಡುತ್ತಾನೆ, ಊರಿನಲ್ಲಿರುವ ತಮ್ಮನೋ ಭಾವನೋ ನಿಂತು ಕಡಿಸುತ್ತಾರೆ, ದುಡ್ಡು ಬ್ಯಾಂಕಿಗೆ ಬರುತ್ತದೆ. ನೀವೂ ಒಂದು ಕಾಡಿನ ಯಜಮಾನರೇ. ಯಜಮಾನಿಕೆ ಫೋನಿನಲ್ಲಿ ನಡೆಯುತ್ತದೆ, ಅಷ್ಟೇ.

ಡೊಂಬಿವಲಿಯ ಹಿರಿಯ ಕೇಳುಗರೊಬ್ಬರು ನಮ್ಮ ಕಚೇರಿಗೆ ಬಂದಾಗ ತಮ್ಮ ಅನುಭವ ಹೇಳಿದರು. ಸಾಗರದ ಹತ್ತಿರ ಅವರ ಜಮೀನು. ಜೂನ್ ಮೊದಲ ಮಳೆ ಆಗಿತ್ತು. ರೇಟು ಇಳಿಯುತ್ತದೆ ಎಂದು ವ್ಯಾಪಾರಿ ಅವಸರ ಮಾಡಿದ. ಅಕೇಶಿಯಾ ಕಡಿದು ಟ್ರಾಕ್ಟರಿನಲ್ಲಿ ತೋಪಿನ ತುಂಬ ಓಡಾಡಿ ಸಾಗಿಸಿದರು. ಮರುವರ್ಷ ಅಲ್ಲಿ ಮಹಾಗನಿ ಸಸಿ ಹಾಕಿಸಿದರು. ನಾಲ್ಕು ವರ್ಷವಾದ ಮೇಲೆ ಊರಿಗೆ ಹೋಗಿ ನೋಡಿದರೆ ಉಳಿದ ಸಸಿಗಳು ತಲೆಯೆತ್ತರ ದಾಟಿದ್ದವು. ಆದರೆ ನಡುನಡುವೆ ಸಾಲಾಗಿ ಸೊಂಟದೆತ್ತರವೂ ಬಾರದ ಗಿಡಗಳು. ಗೊಬ್ಬರ ಸಾಲದೇನೋ ಎಂದು ಗೊಬ್ಬರ ಹಾಕಿಸಿದರು, ಏನೂ ಆಗಲಿಲ್ಲ. ಕೊನೆಗೆ ತೋಟದ ಕೆಲಸಕ್ಕೆ ಬರುವ ಒಬ್ಬ ಹಿರಿಯ, "ಅಯ್ಯಾ, ಇದು ಟ್ರಾಕ್ಟರ್ ಹೋದ ಜಾಡಲ್ಲವಾ?" ಎಂದರಂತೆ. ಅಗೆದು ನೋಡಿದರೆ ಒಂದು ಗೇಣು ಕೆಳಗೆ ಹಾರೆ ಠಣ್ ಎನ್ನುತ್ತಿತ್ತು. ಬೇರುಗಳೆಲ್ಲ ಅದರ ಮೇಲೆ ಚಾಪೆಯಂತೆ ಮಲಗಿದ್ದವು.

ಅವರ ಮಾತು ಕೇಳಿದ ಮೇಲೆಯೇ ಈ ವಿಷಯವನ್ನು ನಿಮ್ಮ ಮುಂದೆ ಇಡಬೇಕೆನಿಸಿತು. ಮುಂದಿನ ಸಲ ಊರಿನಿಂದ ಮರ ಕಡಿಸುವ ಫೋನು ಬಂದಾಗ ರೇಟಿನ ಮಾತಿನ ಜೊತೆಗೆ ನಾಲ್ಕು ಮಾತು ಸೇರಿಸಿ. ಒಂದು, ನೆಲ ಒಣಗಿದ ಮೇಲೆಯೇ ಗಾಡಿ ಇಳಿಯಬೇಕು. ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡಿ. ಉಂಡೆ ಸುಲಭವಾಗಿ ಕಟ್ಟಿ, ಒತ್ತಿದರೂ ಪುಡಿಯಾಗದಿದ್ದರೆ ಇನ್ನೂ ಕಾಯಬೇಕು. ಎರಡು, ಗಾಡಿ ಓಡಾಡುವ ದಾರಿಯನ್ನು ಮೊದಲೇ ಗೂಟ ನೆಟ್ಟು ಗುರುತು ಮಾಡಬೇಕು. ಹೋಗುವುದಕ್ಕೂ ಬರುವುದಕ್ಕೂ ಅದೇ ದಾರಿ, ಮುಂದಿನ ಸಲಕ್ಕೂ ಅದೇ ದಾರಿ. ಮೂರು, ದೂರದ ದಿಮ್ಮಿಯನ್ನು ಹಗ್ಗ ಹಾಕಿ ದಾರಿಗೆ ಎಳೆಯಬೇಕು, ಗಾಡಿಯೇ ಮರದ ಹತ್ತಿರ ಹೋಗಬಾರದು. ನಾಲ್ಕು, ಸವರಿದ ರೆಂಬೆ ಸೊಪ್ಪನ್ನು ಸುಡಬೇಡಿ. ದಾರಿಯ ಮೇಲೆ ಹಾಸಿ, ಉಳಿದದ್ದು ತೋಪಿನಲ್ಲೇ ಬಿದ್ದಿರಲಿ. ಇದಕ್ಕೆ ವ್ಯಾಪಾರಿ ಸ್ವಲ್ಪ ಗೊಣಗಬಹುದು, ಎರಡು ಕೂಲಿ ಹೆಚ್ಚು ಕೇಳಬಹುದು. ಕೊಟ್ಟುಬಿಡಿ. ಮುಂದಿನ ಇಪ್ಪತ್ತು ವರ್ಷದ ಬೆಳೆಯ ಮುಂದೆ ಅದು ದೊಡ್ಡ ಮೊತ್ತವಲ್ಲ.

ಆಗಲೇ ಬಿಗಿದುಹೋದ ನೆಲಕ್ಕೆ ಏನು ಮಾಡುವುದು? ಸಸಿ ನೆಡುವ ಮೊದಲಾದರೆ ಟ್ರಾಕ್ಟರಿನ ಹಿಂದೆ ಉದ್ದ ಹಲ್ಲಿನ ನೇಗಿಲು ಕಟ್ಟಿ ಆಳಕ್ಕೆ ಸೀಳಿಸಬಹುದು. ಅದನ್ನೂ ನೆಲ ಒಣಗಿದಾಗಲೇ ಮಾಡಬೇಕು. ಒಣ ಮಣ್ಣು ಬಿರುಕು ಬಿಟ್ಟು ಒಡೆಯುತ್ತದೆ. ಒದ್ದೆ ಮಣ್ಣಾದರೆ ಬೆಣ್ಣೆಗೆ ಚಾಕು ಹಾಕಿದಂತೆ ಒಂದು ಗೀರು ಬಿದ್ದು ಬದಿ ಇನ್ನಷ್ಟು ನುಣ್ಣಗಾಗುತ್ತದೆ. ಬೆಳೆದು ನಿಂತ ಮರಗಳ ನಡುವೆ ಸೀಳಿಸಬೇಡಿ, ಇರುವ ಬೇರೂ ತುಂಡಾಗುತ್ತದೆ. ಅಲ್ಲಿ ತರಗೆಲೆ ಹೊದಿಸಿ ಕಾಯುವುದೇ ದಾರಿ. ತರಗೆಲೆ ಇದ್ದಲ್ಲಿ ಎರೆಹುಳು ಬರುತ್ತದೆ. ಎರೆಹುಳು ಕೊರೆದ ಬಿಲದಲ್ಲಿ ಬೇರು ಇಳಿಯುತ್ತದೆ. ಬೇರು ಸತ್ತಾಗ ಅದರ ಜಾಗದಲ್ಲಿ ಇನ್ನೊಂದು ಬಿಲ ಉಳಿಯುತ್ತದೆ. ಹೀಗೆ ಮೇಲಿನ ಪದರ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಚಳಿನಾಡುಗಳಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಕರಗಿ ಮಣ್ಣನ್ನು ಸಡಿಲ ಮಾಡುತ್ತದೆ. ನಮ್ಮಲ್ಲಿ ಆ ಉಪಕಾರವಿಲ್ಲ. ಎರೆಮಣ್ಣಾದರೆ ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬಿ ಸ್ವಲ್ಪ ತಾನೇ ಸರಿಹೋಗುತ್ತದೆ. ಕೆಂಪು ಮಣ್ಣಿಗೆ ಆ ಗುಣವೂ ಕಡಿಮೆ. ಆಳದ ಬಿಗಿತಕ್ಕೆ ದಶಕಗಳೇ ಬೇಕು. ಕೆಡಿಸಲು ಒಂದು ಮಧ್ಯಾಹ್ನ ಸಾಕು.

ಊರಿನಲ್ಲಿ ಜಮೀನೇ ಇಲ್ಲದವರಿಗೂ ಒಂದು ಮಾತು. ನಿಮ್ಮ ಸೊಸೈಟಿಯ ಆವರಣದಲ್ಲಿ ಒಂದು ಮರ ಇದ್ದೇ ಇರುತ್ತದೆ. ಮಳೆಮರವೋ ಗುಲ್ಮೊಹರೋ ಅಶ್ವತ್ಥವೋ. ಅದರ ಬುಡದವರೆಗೆ ಟೈಲ್ಸ್ ಹಾಕಿ, ಅದರ ನೆರಳಿನಲ್ಲೇ ಕಾರು ನಿಲ್ಲಿಸಿ, ಮಳೆಗಾಲದಲ್ಲಿ ಅದು ಕಾರಿನ ಮೇಲೆ ಬಿದ್ದಾಗ ಮರವನ್ನು ಬೈಯುತ್ತೇವೆ. ಕಾಡಿನ ಮರಕ್ಕೆ ಗಾಲಿ ಮಾಡುವುದನ್ನು ಪಟ್ಟಣದ ಮರಕ್ಕೆ ಸಿಮೆಂಟು, ಕಾರು, ನಮ್ಮ ಕಾಲು ಮೂರೂ ಸೇರಿ ಮಾಡುತ್ತವೆ. 2013ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟು ತೆಗೆಯಬೇಕೆಂದು ಆದೇಶಿಸಿತು. ಒಂದು ಮೀಟರ್ ಎಂದರೆ ಬೇರಿನ ಹರವಿಗೆ ಏನೂ ಅಲ್ಲ. ಆದರೂ ನೀರಿಗೆ, ಗಾಳಿಗೆ ಒಂದು ಬಾಗಿಲು. ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಇಷ್ಟು ಕೇಳಿ ನೋಡಿ, "ನಮ್ಮ ಮರದ ಸುತ್ತ ನಾಲ್ಕು ಟೈಲ್ಸ್ ತೆಗೆದು ತರಗೆಲೆ ಹಾಕೋಣವೆ?" ಗುಡಿಸಿ ಕಸಕ್ಕೆ ಹಾಕುವ ಎಲೆಯನ್ನು ಅಲ್ಲೇ ಬಿಟ್ಟರೆ ಸಾಕು, ಖರ್ಚೂ ಇಲ್ಲ.

ನಾವು ಮರವನ್ನು ನೋಡುವುದು ತಲೆಯೆತ್ತಿ. ಮರ ಬದುಕುವುದೋ ಬೀಳುವುದೋ ತೀರ್ಮಾನವಾಗುವುದು ನಮ್ಮ ಪಾದದ ಕೆಳಗಿನ ಒಂದು ಅಡಿಯಲ್ಲಿ. ಇನ್ನು ಮುಂದೆ ಮರದ ಹತ್ತಿರ ಹೋದಾಗ ಒಮ್ಮೆ ಕೆಳಗೂ ನೋಡಿ. ನೆಲ ಮೆತ್ತಗಿದೆಯೆ, ಮಳೆ ಬಂದ ಮೇಲೆ ನೀರು ಇಂಗಿತೆ, ನಿಂತಿತೆ ಎಂದು ಗಮನಿಸಿ. ನಿಮಗೆ ಕಂಡದ್ದನ್ನು ನಮಗೂ ಬರೆದು ತಿಳಿಸಿ. ಊರಿನ ತೋಪಿನ ಅನುಭವವಿದ್ದರೆ ಖಂಡಿತ ಬರೆಯಿರಿ, ಮುಂದಿನ ಅವಧಿಗಳಲ್ಲಿ ಓದೋಣ.